ಕತ್ತೆಯ ಹಿಂದೆ ನಿಂತವಳು

ಕೆಲವು ತಿಂಗಳ ಹಿಂದೆ ಗುಜರಿಯವನೊಬ್ಬ ಕೊಪ್ಪಳದ ನನ್ನ ಟೈಲರ್ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಒಳಗೆ ಇಣುಕಿದ. ಇಸ್ತ್ರಿ ಪೆಟ್ಟಿಗೆಯ ಕೆಳಗಿದ್ದ ಹಳೆಯ ಟಿವಿಯ ಕಡೆ ಬೆರಳು ಮಾಡಿ ಕೇಳಿದ:

"ಮಾತಾಡತೈತೇನ್ರೀ ಅದು?"

"ಇಲ್ಲಪಾ. ಬರೇ ಚಿತ್ರ ಬರ್ತಿದ್ವು, ಈಗ ಅವೂ ಇಲ್ಲ."

"ಮತ್ತ ಕೊಟ್ಟಬಿಡ್ರಿ. ಮಾತಾಡಲಾರದ್ದು, ತೋರಿಸಲಾರದ್ದು ಇಟ್ಕೊಂಡು ಏನ್ಮಾಡ್ತೀರಿ?"

"ಇಸ್ತ್ರಿ ಪೆಟಗಿ ಇಡಾಕ ಬೇಕಲ್ಲಪಾ" ಎಂದೆ. ಅವನು ನಕ್ಕು ಗಾಡಿ ಮುಂದೆ ದೂಡಿದ.

ಅದು ಹಿಂದೆ ದೊಡ್ಡ ಗೂನು ಇರುವ ಹಳೆಯ ಕಾಲದ ಟಿವಿ. ಮೇಲೆ ನಾಲ್ಕು ಮಡಿಕೆ ಕಂಬಳಿ ಹಾಸಿ ಇಸ್ತ್ರಿ ಪೆಟ್ಟಿಗೆ ಇಡುತ್ತಿದ್ದೆ. ಪೆಟ್ಟಿಗೆ ಕಾದು ಕಾದು ಕಂಬಳಿಯ ಕೆಳಗಿನ ಪ್ಲಾಸ್ಟಿಕ್ಕು ಸ್ವಲ್ಪ ಬಿಸಿಯಾದಾಗ ಒಂದು ವಾಸನೆ ಬರುತ್ತಿತ್ತು. ಹಳೆ ಧೂಳು, ಬಿಸಿ ಪ್ಲಾಸ್ಟಿಕ್ಕು, ಎಲ್ಲೋ ಒಳಗೆ ಸತ್ತ ಹಲ್ಲಿ, ಎಲ್ಲ ಸೇರಿದ ವಾಸನೆ. ಗಿರಾಕಿಗಳು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಅದು ಗಿಣಿಗೇರಾದ ನಮ್ಮ ಮನೆಯ ವಾಸನೆ. ಟಿವಿ ಅರ್ಧ ತಾಸು ನಡೆದ ಮೇಲೆ ಮನೆಯೆಲ್ಲ ಅದೇ ವಾಸನೆ ತುಂಬುತ್ತಿತ್ತು.

ಗುಜರಿಯವನಿಗೆ ನಾನು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಪೂರ್ತಿ ನಿಜವನ್ನು ಇಲ್ಲಿ ಬರೆಯಬೇಕೆಂದು ಕುಳಿತಿದ್ದೇನೆ. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಬರೆಯುವುದೆಂದರೆ ನನ್ನ ಪಾಲಿಗೆ ಎದೆ ಮೂವತ್ತಾರು, ಸೊಂಟ ಮೂವತ್ತೆರಡು ಎಂದು ಬರೆಯುವುದು. ಅಳತೆ ಪುಸ್ತಕದಲ್ಲಿ ಇದ್ದಷ್ಟೇ ಬರೆಯಬೇಕು. ಹೆಚ್ಚು ಬರೆದರೆ ಅಂಗಿ ಸಡಿಲಾಗುತ್ತದೆ, ಕಡಿಮೆ ಬರೆದರೆ ಕಂಕುಳಲ್ಲಿ ಹಿಡಿಯುತ್ತದೆ. ಇಲ್ಲಿಯೂ ಹಾಗೆಯೇ ಬರೆಯಲು ನೋಡುತ್ತೇನೆ. ಎಲ್ಲಾದರೂ ಸಡಿಲಾದರೆ ನೀವೇ ಒಂದು ಹೊಲಿಗೆ ಹಾಕಿಕೊಳ್ಳಿ.

ಆ ಟಿವಿಯನ್ನು ನಮ್ಮಪ್ಪ ಕೊಂಡದ್ದು ಕಾರ್ಖಾನೆಯ ಒಬ್ಬ ಸೂಪರ್‌ವೈಜರನಿಂದ. ಆತನಿಗೆ ಬೇರೆ ಊರಿಗೆ ವರ್ಗವಾಗಿತ್ತು. ಅಪ್ಪ ಅದೇ ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದ. ಟಿವಿ ಮನೆಗೆ ಬಂದು ಒಂದು ವಾರ ಚೆನ್ನಾಗಿಯೇ ಮಾತಾಡಿತು. ಎಂಟನೆಯ ದಿನ ವಾರ್ತೆ ಓದುತ್ತಿದ್ದ ಹೆಣ್ಣುಮಗಳು ಬಾಯಿ ತೆರೆದು ಮುಚ್ಚುತ್ತಿದ್ದಳು, ಸದ್ದಿಲ್ಲ. ರಿಪೇರಿಯವನು ಹಿಂದಿನ ಮುಚ್ಚಳ ಬಿಚ್ಚಿ ನೋಡಿ, ಇದರ ಸಾಮಾನು ಈಗ ಸಿಗುವುದಿಲ್ಲ ಎಂದ. ಅಪ್ಪ ಬೇಜಾರು ಮಾಡಿಕೊಳ್ಳಲಿಲ್ಲ.

"ಚಿತ್ರ ಬರ್ತಾವಲ್ಲ, ಸಾಕು ಬಿಡು. ಮಾತು ನಮ್ಮ ಮನ್ಯಾಗ ಏನ್ ಕಡಿಮಿ ಅದಾವು?" ಎಂದು ಅವ್ವನ ಕಡೆ ನೋಡಿದ.

"ನನ್ನ ಯಾಕ ನೋಡ್ತೀರಿ? ನಾ ವಾರ್ತೆ ಓದ್ಲೇನು?" ಎಂದಳು ಅವ್ವ.

ವಾರ್ತೆ ಓದುವ ಕೆಲಸ ಕೊನೆಗೆ ನನ್ನ ಪಾಲಿಗೆ ಬಂತು. ವಾರ್ತೆ ಅಲ್ಲ, ಕಾರ್ಟೂನು.

ಆಗ ನನಗೆ ಹದಿನೇಳು. ತಂಗಿ ಶಾಂತಾಗೆ ಹತ್ತು, ಐದನೆಯ ತರಗತಿ. ನಾನು ದಿನಾ ಕೊಪ್ಪಳಕ್ಕೆ ಬಂದು ಖಾದರ್ ಮಾಸ್ತರರ ಟೈಲರ್ ಅಂಗಡಿಯಲ್ಲಿ ಗುಂಡಿಯ ತೂತಿಗೆ ಕಾಜಾ ಹಾಕುತ್ತಿದ್ದೆ, ಗುಂಡಿ ಹಚ್ಚುತ್ತಿದ್ದೆ. ಮಾಸ್ತರರು ಮಷೀನಿನ ಎದುರು ಒಂದು ಸಣ್ಣ ಟಿವಿ ಇಟ್ಟಿದ್ದರು. ಅದರಲ್ಲಿ ದಿನಾ ಸಾಯಂಕಾಲ ನಾಲ್ಕೂವರೆಗೆ 'ಮಿಣುಕಿಯ ದೋಣಿ' ಎಂಬ ಕಾರ್ಟೂನು ಕನ್ನಡದಲ್ಲಿ ಬರುತ್ತಿತ್ತು. ಅದೇ ಕಂತು ಏಳು ಗಂಟೆಗೆ ಇನ್ನೊಮ್ಮೆ ಬರುತ್ತಿತ್ತು. ಅಂದರೆ ನಾನು ಅಂಗಡಿಯಲ್ಲಿ ಮಾತು ಕೇಳಿಕೊಂಡು, ಟಂಟಂ ಆಟೋ ಹಿಡಿದು ಗಿಣಿಗೇರಾಕ್ಕೆ ಬಂದು, ಕೈಕಾಲು ತೊಳೆದುಕೊಳ್ಳುವಷ್ಟರಲ್ಲಿ ಮನೆಯ ಮೂಕ ಟಿವಿಯಲ್ಲಿ ಅದೇ ಚಿತ್ರ ಶುರುವಾಗುತ್ತಿತ್ತು. ಶಾಂತಾ ಟಿವಿ ಮುಂದೆ, ನಾನು ಅವಳ ಹಿಂದೆ. ಬಾಯಿ ಅಲ್ಲಿ ಆಡುತ್ತಿತ್ತು, ಮಾತು ಇಲ್ಲಿಂದ ಬರುತ್ತಿತ್ತು.

ಕತೆ ಸಣ್ಣದು. ಮಿಣುಕಿ ಎಂಬ ಹತ್ತು ವರ್ಷದ ಹುಡುಗಿ ಅಜ್ಜಿಯ ಜೊತೆ ಹೊಳೆಯ ದಂಡೆಯ ಊರಲ್ಲಿರುತ್ತಾಳೆ. ಆ ಊರಲ್ಲಿ ಒಂದು ದೀಪವೂ ಇಲ್ಲ. ಹೊಳೆಯ ಆಚೆ ದೀಪ ಮಾಡಲು ಕಲಿಸುವ ಒಂದು ಶಾಲೆ ಇದೆ. ಆಕೆಗೆ ಅಲ್ಲಿಗೆ ಹೋಗಬೇಕು. ಮನೆಯಲ್ಲಿ ಒಂದು ಕತ್ತೆ. ಅಷ್ಟೇ. ಆದರೆ ಹೊಳೆಯನ್ನು ಎಷ್ಟು ಚಂದ ಬರೆದಿದ್ದರೆಂದರೆ, ಗುಂಡಿ ಹಚ್ಚುತ್ತಿದ್ದ ನಾನು ಎಷ್ಟೋ ಸಲ ಬೆರಳಿಗೇ ಸೂಜಿ ಚುಚ್ಚಿಕೊಂಡಿದ್ದೇನೆ.

ಮೊದಮೊದಲು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳುತ್ತಿದ್ದೆ. ಅಜ್ಜಿಗೆ ನಡುಗುವ ದನಿ, ಮಿಣುಕಿಗೆ ಸಣ್ಣ ದನಿ. ಆದರೆ ಕತ್ತೆಗೆ ಮಾತೇ ಇರಲಿಲ್ಲ. ಅದು ಸುಮ್ಮನೆ ನಿಂತು ಕಿವಿ ಆಡಿಸುತ್ತಿತ್ತು. ಒಂದು ದಿನ ಮಾಸ್ತರರು ಮದುವೆ ಬಟ್ಟೆಯ ಅವಸರದಲ್ಲಿ ಟಿವಿ ಹಚ್ಚಲೇ ಇಲ್ಲ. ಮನೆಗೆ ಬಂದರೆ ಶಾಂತಾ ತಯಾರಾಗಿ ಕುಳಿತಿದ್ದಳು. ನನಗೆ ಅಂದಿನ ಮಾತು ಗೊತ್ತಿಲ್ಲ. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಕತ್ತೆ ಕಿವಿ ಆಡಿಸಿದ ಕೂಡಲೆ ಮೂಗು ಹಿಡಿದುಕೊಂಡು, ಯಲಬುರ್ಗಾದ ನಮ್ಮ ಸೋದರಮಾವನ ದನಿಯಲ್ಲಿ, "ಏನವಾ ಮಿಣುಕಿ, ಮುಂಜಾನಿಂದ ನಿಂತೀನಿ, ಒಂದು ಹಿಡಿ ಹುಲ್ಲು ಹಾಕಬೇಕಂತ ಯಾರಿಗರ ಅನಸೇತೇನು?" ಎಂದುಬಿಟ್ಟೆ.

ಶಾಂತಾ ಬಿದ್ದು ಬಿದ್ದು ನಕ್ಕಳು. ಒಲೆಯ ಮುಂದಿದ್ದ ಅವ್ವ ತನ್ನ ತಮ್ಮನ ದನಿ ಗುರುತು ಹಿಡಿದು ಸೆರಗು ಬಾಯಿಗೆ ಇಟ್ಟುಕೊಂಡಳು.

ಅಂದಿನಿಂದ ಕತ್ತೆಗೆ ಗುಂಡ್ಯಾ ಎಂಬ ಹೆಸರು ಬಂತು, ಬಾಯಿಯೂ ಬಂತು. ಅದೂ ನಾನು ಅಂಗಡಿಯಲ್ಲಿ ಕೇಳಿ ಬಂದ ಮಾತೇ ಎಂದು ಶಾಂತಾ ನಂಬಿದ್ದಳು. ನಮ್ಮ ಮನೆಯಲ್ಲಿ ಗುಂಡ್ಯಾ ಮಾತಾಡದ ವಿಷಯವಿರಲಿಲ್ಲ. ಹೊಳೆಯ ನೀರಿನ ಬಗ್ಗೆ, ಕಾರ್ಖಾನೆಯ ಕರಿ ಧೂಳಿನ ಬಗ್ಗೆ, ಅವ್ವ ಸಾರಿಗೆ ಉಪ್ಪು ಹಾಕುವುದನ್ನು ಮರೆತದ್ದರ ಬಗ್ಗೆ ಎಲ್ಲ ಅದು ಮಾತಾಡುತ್ತಿತ್ತು. ಅಪ್ಪ ಕೆಲಸದಿಂದ ಬಂದವನೇ, "ಗುಂಡ್ಯಾ ಇವತ್ತ ಏನಂದ?" ಎಂದು ಕೇಳುತ್ತಿದ್ದ. ಓಣಿಯ ನಾಲ್ಕು ಹುಡುಗರು ತಮ್ಮ ಮನೆಯ ಮಾತಾಡುವ ಟಿವಿ ಬಿಟ್ಟು ನಮ್ಮಲ್ಲಿಗೆ ಬರುತ್ತಿದ್ದರು. ಏಳನೆಯ ತರಗತಿಗೆ ಶಾಲೆ ಬಿಟ್ಟವನಿಗೆ ಇದಕ್ಕಿಂತ ದೊಡ್ಡ ಮಾನ ಎಲ್ಲಿ ಸಿಗಬೇಕು? ನಿಮಗೂ ಹೇಳುತ್ತೇನೆ, ನನಗೆ ಸೊಕ್ಕು ಬಂದಿತ್ತು.

ಶಾಂತಾ ಓದಿನಲ್ಲಿ ತರಗತಿಗೇ ಮುಂದಿದ್ದಳು. ಶಾಲೆಯ ಗುರುಗಳು ಆಕೆ ವಸತಿ ಶಾಲೆಯ ಪರೀಕ್ಷೆ ಬರೆಯಲಿ ಎಂದರು. ಪಾಸಾದರೆ ಆರನೆಯ ತರಗತಿಯಿಂದ ಅಲ್ಲಿಯೇ ಊಟ, ವಸತಿ, ಓದು. ಗುರುಗಳೇ ಅರ್ಜಿ ತುಂಬಿ, ಆಕೆಯ ಎರಡು ಜಡೆಯ ಫೋಟೋ ಅಂಟಿಸಿ, ಆಕೆಯಿಂದ ಸಹಿ ಮಾಡಿಸಿ ನನ್ನ ಕೈಗೆ ಕೊಟ್ಟರು. ಕೊಪ್ಪಳದ ಆಫೀಸಿನಲ್ಲಿ ಕೊಟ್ಟರೆ ಆಯಿತು, ದಿನಾ ಹೋಗುವವನು ನೀನೇ ಅಲ್ಲವೇ ಎಂದರು. ಅರ್ಜಿ ನಾಲ್ಕು ದಿನ ಮಾಸ್ತರರ ಅಳತೆ ಪುಸ್ತಕದಲ್ಲಿ ಮಡಿಚಿಕೊಂಡು ಕುಳಿತಿತ್ತು. ನಾಳೆ ಕೊಡೋಣ, ನಾಳೆ ಕೊಡೋಣ. ಕೊನೆಯ ದಿನ ಬಂತು.

ಅದೇ ದಿನ 'ಮಿಣುಕಿಯ ದೋಣಿ'ಯ ಕೊನೆಯ ಕಂತು. ಅರ್ಧ ತಾಸಿನದು ಅಂದು ಒಂದು ತಾಸು.

ನಾಲ್ಕು ಗಂಟೆಗೆ ಮಾಸ್ತರರೇ ನೆನಪು ಮಾಡಿದರು. "ಬೇಟಾ, ತಂಗೀದು ಕಾಗದ ಕೊಟ್ಟು ಬಾ. ಹತ್ತು ನಿಮಿಷದ ಕೆಲಸ. ಕಾಜಾ ಆಮ್ಯಾಲೆ ಹಾಕು."

"ಹೋಗ್ತೀನ್ರಿ" ಎಂದೆ. ಕೈಯಲ್ಲಿದ್ದ ಅಂಗಿ ಮುಗಿಸಿದೆ. ಅಷ್ಟರಲ್ಲಿ ಕಾರ್ಟೂನು ಶುರುವಾಯಿತು. ಮೊದಲ ಜಾಹೀರಾತು ಬಂದಾಗ ಎದ್ದು ಹೋಗಬೇಕೆಂದುಕೊಂಡೆ. ಮೊದಲ ಜಾಹೀರಾತು ಬಂತು, ಹೋಯಿತು. ಎರಡನೆಯದೂ ಹೋಯಿತು. ನಾನು ಮನಸ್ಸಿಗೆ ಹೇಳಿಕೊಂಡದ್ದು ಏನು ಗೊತ್ತೇ? ನಾನು ನೋಡುತ್ತಿರುವುದು ನನಗಾಗಿ ಅಲ್ಲ, ಶಾಂತಾಗಾಗಿ. ಮಾತು ಸರಿಯಾಗಿ ಕೇಳದಿದ್ದರೆ ಸಾಯಂಕಾಲ ಆಕೆಗೆ ಏನು ಹೇಳಲಿ? ಹೀಗೆ ಆಕೆಯ ನೆಪದಲ್ಲಿಯೇ ಆಕೆಯ ಅರ್ಜಿಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಒಂದು ತಾಸು ಕುಳಿತೆ.

ಕೊನೆಯ ಕಂತಿನಲ್ಲಿ ಮಿಣುಕಿ ದಂಡೆಯ ಮೇಲೆ ನಿಂತಿರುತ್ತಾಳೆ. ದೋಣಿ ಕಾಯುತ್ತಿರುತ್ತದೆ. ಆಕೆಗೆ ಹೆದರಿಕೆ. ಅಜ್ಜಿ ಬಗ್ಗಿ ಕಿವಿಯಲ್ಲಿ ಹೇಳುತ್ತಾಳೆ: "ಹೋಗು ಮಿಣುಕಿ. ನೀನು ಹೋದರೆ ಈ ದಂಡೆಗೂ ಒಂದು ದೀಪ ಬರುತ್ತದೆ." ಮಿಣುಕಿ ಕತ್ತೆಯ ಕೊರಳು ತಬ್ಬಿ ಅಳುತ್ತಾಳೆ. ಆಮೇಲೆ ಮಂಜು. ಮಂಜಿನಲ್ಲಿ ದೋಣಿ ದೂರ ಹೋಗುತ್ತದೆ, ಅದರಲ್ಲಿ ಒಂದು ಸಣ್ಣ ದೀಪ ಮಾತ್ರ ಕಾಣುತ್ತದೆ. ಈ ಕಡೆ ದಂಡೆಯ ಮೇಲೆ ಕತ್ತೆ ಒಂದೇ. ಮುಗಿಯಿತು.

ನಾನು ಕಣ್ಣು ಒರೆಸಿಕೊಂಡು ಓಡಿದೆ. ಆಫೀಸಿನ ಬಾಗಿಲಿಗೆ ಜವಾನ ಬೀಗ ಹಾಕುತ್ತಿದ್ದ.

"ನಾಳಿ ಬಾ ಅನ್ನಾಕ ನಾಳಿ ಇಲ್ಲೋ ತಮ್ಮಾ. ಇವತ್ತ ಕಡೀ ದಿನ ಇತ್ತು. ಮುಂಜಾನಿಂದ ಬಾಗಲಾ ತಗದು ಕುಂತಿದ್ವಿ" ಎಂದ. ಪಾಪ, ಅವನ ತಪ್ಪೇನೂ ಇರಲಿಲ್ಲ.

ಮನೆಗೆ ಬಂದಾಗ ಅವ್ವ ಕೇಳಿದಳು, "ಕೊಟ್ಟಿಯೇನು?"

"ಕೊಟ್ಟೆ."

ಅರ್ಜಿ ನನ್ನ ಅಂಗಿಯ ಒಳಗೇ ಇತ್ತು. ಏಳು ಗಂಟೆಗೆ ಶಾಂತಾ ಟಿವಿ ಹಚ್ಚಿದಳು. ನಾನು ಹಿಂದೆ ಕುಳಿತೆ. ಅಜ್ಜಿ ಬಗ್ಗಿ ಮಿಣುಕಿಯ ಕಿವಿಯಲ್ಲಿ ಬಾಯಿ ಆಡಿಸುತ್ತಿದ್ದಳು. ಆ ಮಾತು ನನಗೆ ಅಕ್ಷರ ಅಕ್ಷರ ಗೊತ್ತಿತ್ತು. ಹೋಗು ಮಿಣುಕಿ. ಹೇಳಲು ಆಗಲಿಲ್ಲ. ಮಿಣುಕಿಯನ್ನು ಹೊಳೆ ದಾಟಿಸಿ ಇವಳನ್ನು ಇಲ್ಲೇ ಕೂರಿಸುವುದು ಹೇಗೆ?

"ಅಜ್ಜಿ ಏನಂದಳಣ್ಣ?"

"ಅಜ್ಜಿ... ನಿನಗ ಹ್ಯಾಂಗ ಬೇಕೋ ಹಂಗ ಮಾಡು ಅಂದಳು."

ಮಿಣುಕಿ ಕತ್ತೆಯನ್ನು ತಬ್ಬಿಕೊಂಡಳು. ನಾನು ಮೂಗು ಹಿಡಿದುಕೊಂಡೆ. ಗುಂಡ್ಯಾ ಹೇಳಿತು: "ಮಿಣುಕಿ, ಹೋಗಾಕ ದೋಣಿ ಇದ್ರ ಸಾಕು. ಉಳಿಯಾಕ ಎದಿ ಬೇಕು."

ಮಂಜು ಬಂತು. ದೋಣಿ ಹೋಯಿತು.

"ಮತ್ತ ದೋಣ್ಯಾಗ ಯಾರದಾರ?"

"ಯಾರೂ ಇಲ್ಲ. ಖಾಲಿ ದೋಣಿ. ದೀಪ ಅಷ್ಟ ಐತಿ."

"ಮಿಣುಕಿ ಎಲ್ಲಿ?"

"ಕತ್ತಿ ಹಿಂದ ನಿಂತಾಳ. ನಮಗ ಕಾಣವಲ್ಲಳು."

ಶಾಂತಾ ಟಿವಿಯ ಹತ್ತಿರ ಹೋಗಿ ಕತ್ತೆಯ ಕಾಲುಗಳ ನಡುವೆ ಬಗ್ಗಿ ನೋಡಿದಳು. "ಹೂಂ, ಅದಾಳ. ಲಂಗದ ತುದಿ ಕಾಣತೈತಿ" ಎಂದಳು.

ಅಂದು ಎಲ್ಲರೂ ಮಲಗಿದ ಮೇಲೆ ಅರ್ಜಿಯನ್ನು ಟಿವಿಯ ಹಿಂದಿನ ಮುಚ್ಚಳದ ಸೀಳಿನಲ್ಲಿ ತೂರಿಸಿದೆ. ಹರಿಯಲು ಮನಸ್ಸಾಗಲಿಲ್ಲ. ಫೋಟೋ ಇತ್ತಲ್ಲ. ಮುಂದೆ ಸ್ವಂತ ಅಂಗಡಿ ಹಾಕಿದಾಗ ಆ ಟಿವಿಯನ್ನೂ ಜೊತೆಗೇ ತಂದುಕೊಂಡೆ. ಪರೀಕ್ಷೆಯ ಹಾಲ್ ಟಿಕೆಟ್ ಬರಲಿಲ್ಲ. ಅಪ್ಪ, "ಅವರಿಗೆ ಬೇಕಾದವ್ರಿಗೆ ಕೊಟ್ಟಿರ್ತಾರ ಬಿಡು" ಎಂದ. ಏನೂ ತಪ್ಪು ಮಾಡದ ಆಫೀಸಿನ ಮೇಲೆ ಅಪ್ಪ ಹೊರಿಸಿದ ಆ ಮಾತನ್ನೂ ನಾನು ಸುಮ್ಮನೆ ಕೇಳಿಕೊಂಡೆ. ಶಾಂತಾ ಎರಡು ದಿನ ಸಪ್ಪಗಿದ್ದಳು. ಮೂರನೆಯ ದಿನ ಚೀಲ ಹೆಗಲಿಗೇರಿಸಿ ಊರ ಶಾಲೆಗೆ ಹೊರಡುವಾಗ ತಾನೇ ಮೂಗು ಹಿಡಿದುಕೊಂಡು, "ಉಳಿಯಾಕ ಎದಿ ಬೇಕು" ಎಂದು ಗುಂಡ್ಯಾನ ದನಿಯಲ್ಲಿ ಹೇಳಿ ನಕ್ಕಳು.

ಆ ನಗು ನನ್ನನ್ನು ಬದುಕಿಸಿತು ಎಂದು ಆಗ ಅಂದುಕೊಂಡಿದ್ದೆ.

ಈಗ ಶಾಂತಾ ಗಿಣಿಗೇರಾದಲ್ಲಿಯೇ ಅಂಗನವಾಡಿ ಟೀಚರು. ಹತ್ತನೆಯವರೆಗೆ ಓದಿದಳು. ಮುಂದೆ ಓದಬಹುದಿತ್ತು, ಆದರೆ ಕಾಲೇಜಿಗೆಂದು ಗೆಳತಿಯರು ಬಸ್ಸು ಹತ್ತುವಾಗ ಈಕೆ ಹತ್ತಲಿಲ್ಲ. ಗಂಡ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಾನೆ, ಒಳ್ಳೆಯವನು. ಮಗಳು ಸಹನಾಗೆ ಈಗ ಹತ್ತು. ಆಕೆಯ ಜೀವನ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ವಸತಿ ಶಾಲೆಗೆ ಹೋಗಿದ್ದರೆ ಏನಾಗುತ್ತಿದ್ದಳೋ ನನಗೆ ಗೊತ್ತಿಲ್ಲ. ಪರೀಕ್ಷೆ ಬರೆದು ಫೇಲಾಗಿರಲೂಬಹುದು. ಆದರೆ ಆ ಫೇಲಾಗುವುದೂ ಆಕೆಯದೇ ಆಗಿತ್ತು. ಅದನ್ನೂ ನಾನು ಕಸಿದುಕೊಂಡೆ.

ಅಂಗನವಾಡಿಯ ಮಕ್ಕಳಿಗೆ ಆಕೆ ದಿನಾ ಹೇಳುವ ಕತೆ ಮಿಣುಕಿಯದು. ಗೋಡೆಯ ಮೇಲೆ ತಾನೇ ಗುಂಡ್ಯಾನ ಚಿತ್ರ ಬರೆದಿದ್ದಾಳೆ. ಕತ್ತೆಯ ಹಿಂದೆ ಒಂದು ಕೆಂಪು ಲಂಗದ ತುದಿ ಕಾಣುತ್ತದೆ.

ಈ ವರ್ಷ ಸಹನಾ ಐದನೆಯ ತರಗತಿ. ಆಕೆಯ ಶಾಲೆಯ ಮೇಡಮ್ಮು ವಸತಿ ಶಾಲೆಯ ಪರೀಕ್ಷೆ ಬರೆಸಿ ಎಂದು ಮನೆಗೇ ಬಂದು ಹೇಳಿದರು. ಸಹನಾಗೆ ಆಸೆ. ಅವಳಪ್ಪನಿಗೂ ಆಸೆ. ಶಾಂತಾ ಮಾತ್ರ ಒಲ್ಲೆ ಎಂದಳು. ನಾನು ಅಲ್ಲೇ ಕುಳಿತು ಚಹಾ ಕುಡಿಯುತ್ತಿದ್ದೆ.

"ಎಲ್ಲಾರೂ ಹೊಕ್ಕಾರ. ಹೋಗೋದೇನ್ ದೊಡ್ಡದು?" ಎಂದಳು. "ಹೋಗಾಕ ದೋಣಿ ಇದ್ರ ಸಾಕು. ಉಳಿಯಾಕ ಎದಿ ಬೇಕು. ಹೌದಿಲ್ಲೋ ಅಣ್ಣಾ?"

ಬಾಯಲ್ಲಿದ್ದ ಚಹಾ ನುಂಗಿದೆ. ಬೇರೇನೂ ಮಾಡಲಿಲ್ಲ. ಅರ್ಜಿಗೆ ಇನ್ನೂ ಇಪ್ಪತ್ತು ದಿನ ಇತ್ತು. ನೋಡೋಣ, ನಾಳೆ ಹೇಳೋಣ ಎಂದುಕೊಂಡೆ. ಈ ನಾಳೆ ನನಗೆ ಹಳೆಯ ಪರಿಚಯ.

ಅಷ್ಟರಲ್ಲಿ ಸಿನಿಮಾ ಬಂತು. 'ಮಿಣುಕಿಯ ದೋಣಿ'ಯನ್ನು ನಿಜವಾದ ಮನುಷ್ಯರನ್ನು ಹಾಕಿ ದೊಡ್ಡ ಸಿನಿಮಾ ಮಾಡಿದ್ದರು. ಕನ್ನಡದಲ್ಲಿಯೂ ಬಂದಿತ್ತು. ಶಾಂತಾ ಒಂದು ವಾರ ಮೊದಲೇ ಕುಣಿಯುತ್ತಿದ್ದಳು. ಭಾನುವಾರ ಮಧ್ಯಾಹ್ನದ ಆಟಕ್ಕೆ ಆಕೆ, ಸಹನಾ, ನಾನು ಕೊಪ್ಪಳದ ಥೇಟರಿನಲ್ಲಿ ಕುಳಿತೆವು. ಆಕೆ ಹೊಸ ಸೀರೆ ಉಟ್ಟಿದ್ದಳು. ಕುಬಸ ನಾನೇ ಹೊಲಿದದ್ದು.

ಸಿನಿಮಾದ ಬಗ್ಗೆ ನನ್ನ ತಕರಾರೂ ಇದೆ, ಹೇಳಿಬಿಡುತ್ತೇನೆ. ಅಜ್ಜಿಗೆ ನಲವತ್ತು ದಾಟಿರಲಿಲ್ಲ, ತುಟಿಗೆ ಬಣ್ಣ ಬೇರೆ. ಕಾರ್ಟೂನಿನಲ್ಲಿ ಇಲ್ಲದ ಒಬ್ಬ ಚಿಕ್ಕಪ್ಪ ಬಂದು, ಮೀಸೆ ತಿರುವಿ, ದೋಣಿಯ ಮೇಲೆ ಎಂಟು ಜನರನ್ನು ಹೊಡೆದ. ಹೊಳೆಯನ್ನು ಕಂಪ್ಯೂಟರಿನಲ್ಲಿ ಮಾಡಿದ್ದರು. ನೀರು ಎಲ್ಲಿ ನೋಡಿದರೂ ಒಂದೇ ನೀಲಿ, ಒಂದೇ ಥಾನಿನಿಂದ ಹರಿದ ಬಟ್ಟೆಯ ಹಾಗೆ. ನಾನು ಬೆರಳಿಗೆ ಸೂಜಿ ಚುಚ್ಚಿಕೊಂಡ ಹೊಳೆ ಅದಲ್ಲ. ಹಳೆಯದನ್ನು ನೋಡಿ ಮರುಗಿದ ಯಾರಿಗಾದರೂ ಬೇಜಾರಾಗುವಂಥದ್ದೇ.

ಶಾಂತಾಳ ಬೇಜಾರು ಮಾತ್ರ ಬೇರೆ. ಕತ್ತೆ ಬಂದಾಗ ಆಕೆ ಮುಂದಕ್ಕೆ ಬಾಗಿದಳು. ಕತ್ತೆ ಕಿವಿ ಆಡಿಸಿತು, ಹೋಯಿತು.

"ಯಾಕ ಮಾತಾಡವಲ್ದು?" ಎಂದು ನನ್ನನ್ನು ಕೇಳಿದಳು.

"ಆಮ್ಯಾಲೆ ಮಾತಾಡತಿರಬೇಕು" ಎಂದೆ. ನನ್ನ ಹಣೆಬರಹ ನೋಡಿ, ಅಲ್ಲಿಯೂ ಸುಳ್ಳು.

ಮೂರು ಸಲ ಕತ್ತೆ ಬಂತು, ಮೂರು ಸಲವೂ ಕಿವಿ ಅಷ್ಟೇ. ಕೊನೆಗೆ ದಂಡೆ ಬಂತು, ದೋಣಿ ಬಂತು. ಆ ಅಜ್ಜಿ ಬಗ್ಗಿ, "ಹೋಗು ಮಿಣುಕಿ. ನೀನು ಹೋದರೆ ಈ ದಂಡೆಗೂ ಒಂದು ದೀಪ ಬರುತ್ತದೆ" ಎಂದಳು. ಸಿನಿಮಾದವರು ಏನೇನು ಕೆಡಿಸಿದ್ದರೂ ಆ ಮಾತನ್ನು ಅಕ್ಷರ ಬದಲಿಸದೆ ಉಳಿಸಿಕೊಂಡಿದ್ದರು. ಮಂಜು ಬರಲಿಲ್ಲ. ಮಿಣುಕಿ ದೋಣಿಯಲ್ಲಿ ನಿಂತು ದೀಪ ಹಿಡಿದುಕೊಂಡು ನಗುತ್ತಿದ್ದಳು.

"ಸುಳ್ಳು" ಎಂದಳು ಶಾಂತಾ ಗಟ್ಟಿಯಾಗಿ, ಎದ್ದು ನಿಂತು.

ಮುಂದಿನ ಸಾಲಿನ ಮುದುಕನೊಬ್ಬ ತಿರುಗಿ ನೋಡಿದ. "ಸಿನಿಮಾ ಅಂದ್ರ ಸುಳ್ಳ ಇರ್ತೈತಿ ಬೇ ತಂಗಿ. ಕುಂದ್ರು, ನಮಗ ಕಾಣವಲ್ದು."

ಸಹನಾ ಮಾತ್ರ ದೋಣಿಯನ್ನೇ ನೋಡುತ್ತಿದ್ದಳು. ಅವಳ ಅವ್ವ ಎದ್ದದ್ದೂ ಅವಳಿಗೆ ಗೊತ್ತಾಗಲಿಲ್ಲ.

ಮರುದಿನ ಶಾಂತಾ ಅಂಗನವಾಡಿ ಟೀಚರುಗಳ ವಾಟ್ಸಾಪ್ ಗುಂಪಿನಲ್ಲಿ ಉದ್ದನೆಯ ಮಾತು ಕಳಿಸಿದಳು: ಕತ್ತೆಯ ಬಾಯಿ ಮುಚ್ಚಿಸಿದ್ದಾರೆ, ಕತೆಯ ಜೀವವಾದ ಮಾತನ್ನೇ ತಿರುಗಿಸಿದ್ದಾರೆ, ಯಾರೂ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ. ಕುಷ್ಟಗಿಯ ಕಡೆಯ ಒಬ್ಬ ಟೀಚರು ಉತ್ತರ ಕೊಟ್ಟರು: "ಅಕ್ಕಾರ, ನಾನೂ ದಿನಾ ನೋಡ್ತಿದ್ದೆ. ಆ ಕತ್ತಿ ಯಾವಾಗ ಮಾತಾಡಿತ್ರೀ?" ಉಳಿದವರು ನಗುವ ಮುಖಗಳನ್ನು ಹಾಕಿದರು. ಯಾರೋ ಒಬ್ಬರು, "ಶಾಂತಾ ಟೀಚರ್ ಮನೀ ಕತ್ತಿ ಬ್ಯಾರೆ ಇರಬೇಕು" ಎಂದು ಬರೆದರು.

ಶಾಂತಾ ಫೋನು ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. "ಅಣ್ಣಾ, ನೀ ಒಂದು ಮಾತು ಹೇಳು, ಇದರಾಗ ಹಾಕ್ತೀನಿ. ಗುಂಡ್ಯಾ ಮಾತಾಡ್ತಿತ್ತೋ ಇಲ್ಲೋ?"

ನಾನು ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡಿದ್ದೆ. ಟೈಲರುಗಳಿಗೆ ಇದೊಂದು ಅನುಕೂಲ. ಸೂಜಿ ತೆಗೆಯದೆ, "ಮಾತಾಡ್ತಿತ್ತು" ಎಂದೆ. ಆಕೆ ಅದನ್ನೇ ಗುಂಪಿಗೆ ಕಳಿಸಿದಳು. ಮನೆಯ ಕತ್ತೆಗೆ ಮನೆಯ ಸಾಕ್ಷಿ. ಅವರು ಇನ್ನಷ್ಟು ನಕ್ಕಿರಬೇಕು.

ನಾಲ್ಕು ದಿನ ಬಿಟ್ಟು ಮತ್ತೆ ಬಂದಳು. ಈ ಸಲ ಮುಖ ಬೇರೆ ಇತ್ತು. ಕುಷ್ಟಗಿಯ ಟೀಚರು ಹಳೆಯ ಕಾರ್ಟೂನಿನ ಕೊನೆಯ ಕಂತನ್ನು ಎಲ್ಲಿಂದಲೋ ಹುಡುಕಿ ಕಳಿಸಿದ್ದರು. ಶಾಂತಾ ಫೋನನ್ನು ಕತ್ತರಿಸುವ ಮೇಜಿನ ಮೇಲೆ ನಿಲ್ಲಿಸಿ ಹಚ್ಚಿದಳು. ಅದೇ ದಂಡೆ, ಅದೇ ಹೊಳೆ. ಆಕೆ ಆ ಚಿತ್ರವನ್ನು ಸದ್ದಿನ ಜೊತೆ ನೋಡಿದ್ದು ಈ ಫೋನಿನಲ್ಲೇ ಮೊದಲು. ಅಜ್ಜಿ ಹೇಳಿದಳು, ಹೋಗು ಮಿಣುಕಿ. ಕತ್ತೆ ಏನೂ ಹೇಳಲಿಲ್ಲ.

"ಮಿಣುಕಿ ಕತ್ತಿ ಹಿಂದ ಇದ್ದಿಲ್ಲೇನು?"

"ಇದ್ದಿಲ್ಲ."

"ಲಂಗದ ತುದಿ ನಾ ನೋಡೀನಿ."

"ನಾ ಹೇಳಿದ್ದಕ್ಕ ಕಂಡೈತಿ ಶಾಂತಾ."

"ಉಳಿದದ್ದು ಹೋಗ್ಲಿ. ಅಜ್ಜಿ ಮಾತು ಯಾಕ ತಿರುವಿದಿ?"

ಟೇಪನ್ನು ಕೊರಳಿಂದ ತೆಗೆದಿಟ್ಟೆ. ಅರ್ಜಿ, ಅಳತೆ ಪುಸ್ತಕ, ಕೊನೆಯ ಕಂತು, ಬೀಗ ಹಾಕುತ್ತಿದ್ದ ಜವಾನ, ಎಲ್ಲ ಹೇಳಿದೆ. ಹೇಳಲು ಇಷ್ಟು ವರ್ಷ ಹಿಡಿದದ್ದು ಮುಗಿಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಆಕೆ ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕುಳಿತಳು.

"ಆ ಕಾಗದ ಏನ್ಮಾಡಿದಿ?"

ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, ಕಂಬಳಿ ತೆಗೆದು, ಸ್ಕ್ರೂಡ್ರೈವರಿನಿಂದ ಟಿವಿಯ ಹಿಂದಿನ ಮುಚ್ಚಳ ಬಿಚ್ಚಿದೆ. ಧೂಳಿನ ನಡುವೆ ಅದು ನಾನು ತೂರಿಸಿದ ಜಾಗದಲ್ಲಿಯೇ ಇತ್ತು. ಬಿಸಿಗೆ ಕಂದಿ ಚಹಾದ ಬಣ್ಣಕ್ಕೆ ಬಂದಿತ್ತು. ಆಕೆ ಅದನ್ನು ತೊಡೆಯ ಮೇಲೆ ಬಿಡಿಸಿದಳು. ಎರಡು ಜಡೆಯ ಹುಡುಗಿ, ಕೆಳಗೆ ಒಂದೊಂದೇ ಅಕ್ಷರ ಕೂರಿಸಿ ಮಾಡಿದ ಸಹಿ.

"ರಿಬ್ಬನ್ ಕೆಂಪು ಇದ್ವು" ಎಂದಳು. "ಇದರಾಗ ಕರ್ರಗ ಕಾಣತಾವ."

ಆಮೇಲೆ ಕೇಳಿದಳು, "ಮಾಸ್ತರ್ ಅಂಗಡಿಯಿಂದ ಆ ಆಫೀಸು ಎಷ್ಟು ದೂರ ಇತ್ತು?"

"ದೂರ ಇದ್ದಿಲ್ಲ. ಹೋಗಿ ಬರಾಕ ಹತ್ತು ನಿಮಿಷ."

ಅರ್ಜಿಯನ್ನು ಮಡಿಚಿ ಬ್ಯಾಗಿನಲ್ಲಿಟ್ಟುಕೊಂಡು ಎದ್ದು ಹೋದಳು. ಹತ್ತು ದಿನ ಫೋನಿಲ್ಲ. ನಾನು ಮಾಡಿದರೆ ಸಹನಾ ಎತ್ತುತ್ತಿದ್ದಳು. "ಅವ್ವ ಕೆಲಸದಾಗ ಅದಾಳ ಮಾಮಾ" ಎನ್ನುತ್ತಿದ್ದಳು. ಹಿಂದಿನಿಂದ ಪಾತ್ರೆಯ ಸದ್ದು ಕೇಳುತ್ತಿತ್ತು. ಇನ್ನೊಂದು ಸಲ, "ಗ್ವಾಡಿ ಮ್ಯಾಲಿನ ಕತ್ತಿಗೆ ಸುಣ್ಣ ಹಚ್ಯಾಳ ಮಾಮಾ" ಎಂದಳು. ನಾನು ದಿನ ಎಣಿಸುತ್ತಿದ್ದೆ. ಪರೀಕ್ಷೆಯ ಅರ್ಜಿಗೆ ಎರಡೇ ದಿನ ಉಳಿದಿತ್ತು. ಕೇಳಲು ನನಗೆ ಮುಖವಿರಲಿಲ್ಲ.

ಮರುದಿನ ಮಧ್ಯಾಹ್ನ ಅಂಗಡಿಯ ಮುಂದೆ ಆಟೋ ನಿಂತಿತು. ಶಾಂತಾ ಇಳಿದಳು, ಸಹನಾ ಇಳಿದಳು. ಶಾಂತಾ ಒಳಗೆ ಬರಲಿಲ್ಲ. ಹೊಸ್ತಿಲ ಆಚೆ ನಿಂತು ಒಂದು ಕಾಗದ ತೋರಿಸಿದಳು. ಆನ್‌ಲೈನ್ ಸೆಂಟರಿನ ರಸೀದಿ. ಮೇಲೆ ಸಹನಾಳ ಹೆಸರು, ಫೋಟೋ.

ನಾನು ನೋಡಲೆಂದು ಕೈ ಚಾಚಿದೆ. ಆಕೆ ಕೊಡಲಿಲ್ಲ. ಹಿಡಿದುಕೊಂಡೇ ತೋರಿಸಿದಳು.

"ಹತ್ತು ನಿಮಿಷನೂ ಹಿಡೀಲಿಲ್ಲಣ್ಣ" ಎಂದಳು.

ಸಹನಾ ಅವ್ವನ ಪಕ್ಕದಿಂದ ಇಣುಕಿ, "ಮಾಮಾ, ಅವ್ವ ಎಲ್ಲಾ ಹೇಳ್ಯಾಳ. ಕತ್ತಿ ದನಿ ತಗದು ತೋರಸು" ಎಂದಳು. ನಾನು ಶಾಂತಾಳ ಮುಖ ನೋಡಿದೆ. ಆಕೆ ರಸೀದಿ ಮಡಿಚುತ್ತಿದ್ದಳು. ಮೂಗು ಹಿಡಿದುಕೊಂಡೆ. ಬಹಳ ವರ್ಷಗಳ ಮೇಲೆ ಗುಂಡ್ಯಾ ಬಾಯಿ ತೆರೆಯಬೇಕಿತ್ತು.

"ಹೋಗವಾ ಸಹನಾ" ಎಂದೆ. ಅಷ್ಟೇ ಬಂತು. ದನಿ ಯಲಬುರ್ಗಾದ ಮಾವನದಾಗಿರಲಿಲ್ಲ, ಬರೀ ನನ್ನದೇ ಆಗಿತ್ತು. ಸಹನಾ ಇಷ್ಟೇ ಏನು ಎನ್ನುವ ಹಾಗೆ ನೋಡಿದಳು. ಸಿನಿಮಾ ನೋಡಿ ಬಂದ ದಿನದ ಅವ್ವನ ಮುಖವೇ.

ಈಗ ಶಾಂತಾ ಫೋನು ಎತ್ತುತ್ತಾಳೆ. ಹಬ್ಬಕ್ಕೆ ಕರೆದಳು, ಹೋಗಿ ಉಂಡು ಬಂದೆ. ಆದರೆ ಯಾವ ಕಾಗದವನ್ನೂ ನನ್ನ ಕೈಗೆ ಕೊಡುವುದಿಲ್ಲ. ರೇಷನ್ ಕಾರ್ಡಿನ ಜೆರಾಕ್ಸ್ ಬೇಕಾದರೂ ನನ್ನ ಅಂಗಡಿ ದಾಟಿ ತಾನೇ ಹೋಗುತ್ತಾಳೆ. ನಾನು ಮಷೀನು ನಿಲ್ಲಿಸಿ ನೋಡುತ್ತೇನೆ. ಬರುವಾಗ ಒಮ್ಮೊಮ್ಮೆ ಸ್ಟೂಲಿನ ಮೇಲೆ ಕುಳಿತು ನೀರು ಕುಡಿಯುತ್ತಾಳೆ, ಕಾಗದದ ಚೀಲ ಮಾತ್ರ ತೊಡೆಯ ಮೇಲೆಯೇ ಇರುತ್ತದೆ.

ನಿನ್ನೆ ಗುಜರಿಯವನು ಮತ್ತೆ ಬಂದ. ನಾನೇ ಕರೆದು ಟಿವಿ ತೆಗೆದುಕೊಂಡು ಹೋಗು ಎಂದೆ. ಅವನು ಎತ್ತಿ ಗಾಡಿಯ ಮೇಲಿಟ್ಟು, ಹಿಂದಿನ ಗೂನಿನ ಮೇಲೆ ಎರಡು ಸಲ ಬಡಿದು ಕೇಳಿದ:

"ಒಳಗ ಏನರ ಐತೇನ್ರೀ? ಆಮ್ಯಾಲೆ ನನ್ನ ಕೇಳಬ್ಯಾಡ್ರಿ ಮತ್ತ."

"ಇತ್ತು. ಅದರ ಮಾಲಕರು ಬಂದು ಒಯ್ದಾರ" ಎಂದೆ.

ಇಸ್ತ್ರಿ ಪೆಟ್ಟಿಗೆಯನ್ನು ಈಗ ನೆಲದ ಮೇಲೆ ಒಂದು ಕಡಪಾ ಕಲ್ಲಿನ ತುಂಡು ಹಾಕಿ ಇಟ್ಟಿದ್ದೇನೆ. ಅಂಗಡಿಯಲ್ಲಿ ಆ ವಾಸನೆ ಇಲ್ಲ. ಪೆಟ್ಟಿಗೆ ಬೇಕಾದಾಗಲೆಲ್ಲ ಬಗ್ಗಬೇಕು.